ಗೇಮ್‌ನಲ್ಲಿ ರೈಫಲ್ ಒರೆಸುವ ಬಟನ್ ಇಲ್ಲ

ಧಾರವಾಡದ ನಮ್ಮ ರೂಮಿನಲ್ಲಿ ನಾಲ್ಕು ಜನ ಇದ್ದೆವು. ಮೂವರು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು. ಇನ್ನೊಬ್ಬ ಸೇನೆಗೆ ಸೇರಲೇಬೇಕೆಂದು ಬೆಳಿಗ್ಗೆ ಐದಕ್ಕೆ ಎದ್ದು ಓಡುವವನು. ರಾತ್ರಿ ಪುಸ್ತಕ ಮುಚ್ಚಿದ ಮೇಲೆ ಮೊಬೈಲ್‌ನಲ್ಲಿ ಬಿಜಿಎಂಐ ತೆರೆದುಕೊಳ್ಳುತ್ತಿತ್ತು. ಆಟಕ್ಕಿಂತ ಜಗಳವೇ ಜಾಸ್ತಿ. ಎಕೆಎಂ ಒಳ್ಳೆಯದೋ, ಎಂ416 ಒಳ್ಳೆಯದೋ? ಎಕೆಎಂ ಪೆಟ್ಟು ಜೋರು, ಆದರೆ ಕೈಯಲ್ಲಿ ನಿಲ್ಲುವುದಿಲ್ಲ. ಎಂ416 ಹೇಳಿದಂತೆ ಕೇಳುತ್ತದೆ, ಆದರೆ ಪೆಟ್ಟು ಕಡಿಮೆ. ಈ ವಾದಕ್ಕೆ ಎಷ್ಟು ಚಹಾ ಖರ್ಚಾಗಿದೆಯೋ ಲೆಕ್ಕವಿಲ್ಲ.

ಓಡುತ್ತಿದ್ದ ಗೆಳೆಯ ಅಗ್ನಿವೀರನಾಗಿ ಆಯ್ಕೆಯಾದ. ತರಬೇತಿ ಮುಗಿಸಿ ಮೊದಲ ರಜೆಗೆ ಬಂದಾಗ ಒಂದು ರಾತ್ರಿ ನಮ್ಮ ರೂಮಿನಲ್ಲೇ ಉಳಿದ. ನಮ್ಮ ಹಳೆಯ ಜಗಳ ಶುರುವಾಯಿತು. ಅವನು ಸುಮ್ಮನೆ ಕೇಳುತ್ತ ಕೂತಿದ್ದವನು ಕೊನೆಗೆ ಒಂದೇ ಮಾತು ಹೇಳಿದ: ‘ಲೇ, ನಿಮ್ಮ ಗೇಮ್‌ನಾಗ ರೈಫಲ್ ಒರಸೂ ಬಟನ್ ಎಲ್ಲೈತಿ?’

ಎಲ್ಲರೂ ನಕ್ಕೆವು. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಾನೂ ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವನು. ಪಾಯಿಂಟ್ ಟೂ ಟೂ ರೈಫಲ್‌ನ ‘ಖೋಲ್ನಾ, ಜೋಡ್ನಾ’ ಕಲಿತವನು. ಹಗ್ಗದ ತುದಿಗೆ ಚಿಂದಿ ಬಟ್ಟೆ ಸಿಕ್ಕಿಸಿ ನಳಿಗೆಯೊಳಗೆ ಎಳೆದು, ಬೆಳಕಿಗೆ ಹಿಡಿದು ನೋಡಿದ್ದು ನೆನಪಿದೆ. ಗುಂಡು ಹಾರಿಸಿದ್ದು ಬೆರಳೆಣಿಕೆಯಷ್ಟು ಸಲ, ಒರೆಸಿದ್ದು ಎಷ್ಟೋ ಸಲ. ಹಾಗಾದರೆ ಸೈನಿಕನ ಜೀವ ನಿಂತಿರುವ ರೈಫಲನ್ನು ಒಳ್ಳೆಯದು, ಕೆಟ್ಟದ್ದು ಎಂದು ಅಳೆಯುವುದು ಹೇಗೆ? ಅಂದಿನಿಂದ ಈ ವಿಷಯ ಓದತೊಡಗಿದೆ. ಓದಿದಷ್ಟೂ ನಮ್ಮ ರೂಮಿನ ವಾದ ಅರ್ಧದಷ್ಟೇ ಸರಿ ಎನಿಸಿತು.

ಗುಂಡಿನಿಂದ ಶುರುವಾಗುವ ಲೆಕ್ಕ

ರೈಫಲ್‌ಗಳ ಹೋಲಿಕೆ ಶುರುವಾಗಬೇಕಾದ್ದು ಕಾಡತೂಸಿನಿಂದ. ಎರಡನೇ ಮಹಾಯುದ್ಧದವರೆಗೆ ಪದಾತಿ ಸೈನಿಕರ ಕೈಯಲ್ಲಿ ಇದ್ದದ್ದು ದೂರಕ್ಕೆ ಹೊಡೆಯುವ, ಭಾರವಾದ ಗುಂಡಿನ ರೈಫಲ್. ಆದರೆ ಕಾಳಗಗಳಲ್ಲಿ ಹೆಚ್ಚಿನ ಗುಂಡಿನ ಚಕಮಕಿ ನಡೆಯುತ್ತಿದ್ದದ್ದು ಮುನ್ನೂರು ಮೀಟರ್ ಒಳಗೆ. ಅಷ್ಟು ಹತ್ತಿರಕ್ಕೆ ಅಷ್ಟು ದೊಡ್ಡ ಗುಂಡು ಏಕೆ? ಈ ಪ್ರಶ್ನೆಗೆ ಜರ್ಮನರು ಕೊಟ್ಟ ಉತ್ತರ 1944ರ ಸ್ಟುರ್ಮ್‌ಗೆವೆರ್ 44. ಪಿಸ್ತೂಲಿನ ಗುಂಡಿಗಿಂತ ದೊಡ್ಡದು, ಹಳೆಯ ರೈಫಲ್ ಗುಂಡಿಗಿಂತ ಚಿಕ್ಕದಾದ ನಡುಗಾತ್ರದ ಕಾಡತೂಸು ಅದರದು. ಬೇಕೆಂದರೆ ಒಂದೊಂದೇ, ಬೇಕೆಂದರೆ ಸತತವಾಗಿ ಹೊಡೆಯಬಹುದು. ‘ಅಸಾಲ್ಟ್ ರೈಫಲ್’ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಇಂದು ಭಾರತದ ಸೈನಿಕರ ಕೈಯಲ್ಲಿರುವ ರೈಫಲ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಕಾಡತೂಸುಗಳಿವೆ: ಇನ್ಸಾಸ್‌ನ 5.56×45, ಎಕೆ ಕುಟುಂಬದ 7.62×39 ಮತ್ತು ಸಿಗ್ 716ರ 7.62×51. ಮೊದಲ ಸಂಖ್ಯೆ ಗುಂಡಿನ ಅಂದಾಜು ವ್ಯಾಸ, ಎರಡನೆಯದು ಕಾಡತೂಸಿನ ಕೋಶದ ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇಲ್ಲಿ ಎಡವುತ್ತಾರೆ. ‘7.62’ ಎಂದು ಕಂಡ ತಕ್ಷಣ ಎರಡೂ ಒಂದೇ ಎಂದುಕೊಳ್ಳುತ್ತಾರೆ. ಎಕೆಯ ಕಾಡತೂಸನ್ನು ಸಿಗ್‌ಗೆ ಹಾಕಲು ಬರುವುದಿಲ್ಲ, ಸಿಗ್‌ನದನ್ನು ಎಕೆಗೆ ಹಾಕಲೂ ಬರುವುದಿಲ್ಲ. ಕಟ್ಟುನಿಟ್ಟಾಗಿ ಹೇಳುವುದಾದರೆ ಪೂರ್ಣಗಾತ್ರದ ಗುಂಡು ಹೊಡೆಯುವ ಸಿಗ್ 716 ‘ಬ್ಯಾಟಲ್ ರೈಫಲ್’. ಸುದ್ದಿಯಲ್ಲಿ ಮಾತ್ರ ಎಲ್ಲವೂ ಅಸಾಲ್ಟ್ ರೈಫಲ್‌ಗಳೇ.

ಈಗ ತೂಕ ನೋಡಿ. ಒಂದು 5.56 ಕಾಡತೂಸು ಸುಮಾರು 12 ಗ್ರಾಂ. ಎಕೆಯದು ಸುಮಾರು 16 ಗ್ರಾಂ. 7.62×51 ಸುಮಾರು 24 ಗ್ರಾಂ. ಕಾಗದದ ಮೇಲೆ ಇದು ಏನೂ ಅಲ್ಲ. 200 ಕಾಡತೂಸು ಹೊತ್ತು ಬೆಟ್ಟ ಹತ್ತುವವನಿಗೆ ಮಾತ್ರ ಗೊತ್ತು: ಮೊದಲನೆಯದರಲ್ಲಿ 2.4 ಕೆ.ಜಿ., ಕೊನೆಯದರಲ್ಲಿ 4.8 ಕೆ.ಜಿ. ಉಳಿದ 2.4 ಕೆ.ಜಿ.ಯಲ್ಲಿ ಎರಡು ಲೀಟರಿಗೂ ಹೆಚ್ಚು ನೀರು ಒಯ್ಯಬಹುದು. ಹಗುರ ಗುಂಡಿನಲ್ಲಿ ರಿಕಾಯಿಲ್ ಕಡಿಮೆ, ಹೊಸಬನೂ ಬೇಗ ಗುರಿ ಕಲಿಯುತ್ತಾನೆ. ಭಾರದ ಗುಂಡು ದೂರಕ್ಕೆ ಹೋಗುತ್ತದೆ, ಮರೆಯನ್ನು ಭೇದಿಸುತ್ತದೆ. ಆದರೆ ಹೆಗಲಿಗೆ ಒದೆಯುತ್ತದೆ, ಬೇಗ ಖಾಲಿಯಾಗುತ್ತದೆ. ಎಕೆಯ ಗುಂಡು ಇವೆರಡರ ನಡುವಿನದು. ಹತ್ತಿರದಲ್ಲಿ ಅದರ ಪೆಟ್ಟು ಜೋರು, ಮುನ್ನೂರು ಮೀಟರ್ ದಾಟಿದ ಮೇಲೆ ಅದರ ದಾರಿ ಬೇಗ ಕೆಳಗೆ ಬಾಗುತ್ತದೆ.

ನಮ್ಮೂರಲ್ಲಿ ನಿವೃತ್ತ ಹವಾಲ್ದಾರ್ ಕಾಕಾ ಒಬ್ಬರಿದ್ದಾರೆ. ಸೇರಿದಾಗ ಕೈಗೆ ಎಸ್‌ಎಲ್‌ಆರ್ ಬಂದಿತ್ತು, ಪಿಂಚಣಿ ತೆಗೆದುಕೊಳ್ಳುವಾಗ ಇನ್ಸಾಸ್ ಇತ್ತು. ‘ಕಾಕಾ, ಎರಡರಾಗ ಯಾವುದು ಚಲೋ?’ ಎಂದು ಕೇಳಿದೆ. ‘ಎಲ್ಲಿ ನಿಂತು ಕೇಳಾಕತ್ತಿ?’ ಎಂದು ತಿರುಗಿ ಕೇಳಿದರು. ‘ಎರಿ ಹೊಲದಾಗ ನಡಿಯೂ ರಂಟಿ ಮಸಾರ್ಯಾಗ ನಡಿಯೂದಿಲ್ಲ. ಬಂದೂಕೂ ಹಂಗ.’ ಒಂದು ಕಣಿವೆಯಿಂದ ಎದುರಿನ ಗುಡ್ಡಕ್ಕೆ ಗುರಿ ಇಡುವವನಿಗೆ ಎಸ್‌ಎಲ್‌ಆರ್ ದೇವರಂತೆ ಕಾಣುತ್ತದೆ. ಅದೇ ಉದ್ದನೆಯ ರೈಫಲ್ ಹಿಡಿದು ಮನೆಯೊಂದರ ಇಕ್ಕಟ್ಟಾದ ಮೆಟ್ಟಿಲು ಹತ್ತುವವನು ಅದನ್ನೇ ಶಪಿಸುತ್ತಾನೆ.

ಎಕೆ ಕೂಡ ಮೊದಲ ದಿನವೇ ಎಕೆ ಆಗಿರಲಿಲ್ಲ

ಜಗತ್ತಿನ ಅತಿ ಪ್ರಸಿದ್ಧ ಹೋಲಿಕೆ ಎಂದರೆ ಎಕೆ-47 ಮತ್ತು ಎಂ16. ಮೊದಲನೆಯದು ಸೋವಿಯತ್ ಟ್ಯಾಂಕ್ ಪಡೆಯ ಸಾರ್ಜೆಂಟ್ ಆಗಿದ್ದ ಮಿಖಾಯಿಲ್ ಕಲಾಶ್ನಿಕೋವ್ ಅವರದು, 1949ರಲ್ಲಿ ಸೇನೆಗೆ ಸೇರಿತು. ಎರಡನೆಯದರ ಮೂಲ ವಿನ್ಯಾಸ ಅಮೆರಿಕದ ಯೂಜಿನ್ ಸ್ಟೋನರ್ ಅವರದು, 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಯಿತು.

ಎರಡೂ ಕೆಲಸ ಮಾಡುವುದು ಗುಂಡು ಹಾರಿದಾಗ ಹುಟ್ಟುವ ಅನಿಲದ ಒತ್ತಡದಿಂದಲೇ. ಎಕೆಯಲ್ಲಿ ಆ ಅನಿಲ ದೊಡ್ಡದೊಂದು ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ಒಯ್ಯುತ್ತದೆ. ಚಲಿಸುವ ಭಾಗಗಳು ಭಾರ, ಅವುಗಳ ನಡುವೆ ಸಡಿಲ ಜಾಗ. ಸ್ವಲ್ಪ ಧೂಳು, ಮಸಿ ಕೂತರೂ ತಳ್ಳಿಕೊಂಡು ಹೋಗುತ್ತದೆ. ಆ ಭಾರದ ಓಡಾಟದಿಂದಲೇ ರೈಫಲ್ ಅಲುಗುತ್ತದೆ, ಸತತ ಹೊಡೆತದಲ್ಲಿ ಗುರಿ ಚದುರುತ್ತದೆ. ಎಂ16ರಲ್ಲಿ ಅನಿಲ ಕೊಳವೆಯ ಮೂಲಕ ನೇರವಾಗಿ ಬೋಲ್ಟ್ ಇರುವ ಜಾಗಕ್ಕೇ ಬರುತ್ತದೆ. ಹೀಗಾಗಿ ರೈಫಲ್ ಹಗುರ, ಸುಮಾರು 3 ಕೆ.ಜಿ. ಗುರಿಯೂ ನಿಖರ. ಆದರೆ ಅನಿಲದ ಜೊತೆ ಮಸಿಯೂ ಒಳಗೇ ಬರುತ್ತದೆ. ಅಂದರೆ ಒಂದರ ಶಕ್ತಿಗೆ ಕಾರಣವಾದದ್ದೇ ಅದರ ದೌರ್ಬಲ್ಯಕ್ಕೂ ಕಾರಣ.

ವಿಯೆಟ್ನಾಂನಲ್ಲಿ ಎಂ16 ಕೈಕೊಟ್ಟಿತು. ಕಾಳಗದ ನಡುವೆ ಗುಂಡು ಸಿಕ್ಕಿಹಾಕಿಕೊಂಡ ರೈಫಲ್ ಬಿಚ್ಚಿಟ್ಟುಕೊಂಡ ಸ್ಥಿತಿಯಲ್ಲೇ ಸತ್ತ ಸೈನಿಕರು ಸಿಕ್ಕರು. ತಪ್ಪು ಎಲ್ಲಿತ್ತು? ಕಾಡತೂಸಿನ ಮದ್ದಿನ ಬಗೆಯನ್ನು ಬದಲಿಸಲಾಗಿತ್ತು, ಅದು ಹೆಚ್ಚು ಮಸಿ ಬಿಡುತ್ತಿತ್ತು. ತೇವದ ಕಾಡಿನಲ್ಲಿ ತುಕ್ಕು ತಡೆಯಲು ಬೇಕಾದ ಕ್ರೋಮ್ ಲೇಪನ ಗುಂಡು ಕೂರುವ ಕೋಣೆಗೆ ಇರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಈ ರೈಫಲ್‌ಗೆ ಒರೆಸುವ ಗೋಜೇ ಇಲ್ಲ ಎಂಬ ಮಾತು ಹಬ್ಬಿ, ಒರೆಸುವ ಸಾಮಾನುಗಳೇ ಸಾಕಷ್ಟು ತಲುಪಿರಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ತನಿಖೆ ನಡೆಸಿತು. ಆಮೇಲೆ ಕ್ರೋಮ್ ಲೇಪನ ಬಂತು, ಒರೆಸುವ ಕಿಟ್ ಬಂತು. ಪ್ರಸಿದ್ಧ ಚಿತ್ರಕಾರ ವಿಲ್ ಐಸ್ನರ್ ಕೈಯಲ್ಲಿ ಕಾಮಿಕ್ಸ್ ರೂಪದ ಕೈಪಿಡಿಯನ್ನೇ ಬರೆಸಿ ಸೈನಿಕರಿಗೆ ಹಂಚಿದರು. ಅದೇ ವಂಶದ ರೈಫಲ್‌ಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಮೆರಿಕದ ಸೇನೆಯಲ್ಲಿ ಉಳಿದವು.

ಎಕೆಯ ಕಥೆಯೂ ಹಾಗೆಯೇ. ತಗಡು ಒತ್ತಿ ದೇಹ ಮಾಡುವ ಮೊದಲ ಪ್ರಯತ್ನದಲ್ಲಿ ಕಾರ್ಖಾನೆಯಲ್ಲಿ ತಿರಸ್ಕೃತವಾಗುವ ರೈಫಲ್‌ಗಳೇ ಹೆಚ್ಚಾದವು. ಕೆಲವು ವರ್ಷ ಉಕ್ಕಿನ ಗಟ್ಟಿಯನ್ನೇ ಕೊರೆದು ದೇಹ ಮಾಡಬೇಕಾಯಿತು. ತಗಡಿನ ವಿದ್ಯೆ ಕೈಗೆ ಹತ್ತಿ, ಹಗುರವಾದ ಎಕೆಎಂ ಬಂದದ್ದು 1959ರಲ್ಲಿ. ಹತ್ತು ವರ್ಷ! ಬ್ರಿಟನ್‌ನ ಎಸ್‌ಎ80 ಕೂಡ 1985ರಲ್ಲಿ ಬಂದು, 1991ರ ಕೊಲ್ಲಿ ಯುದ್ಧದ ಮರಳಿನಲ್ಲಿ ಹೆಸರು ಕೆಡಿಸಿಕೊಂಡಿತು. ನಂತರ ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿಯಿಂದ ಸುಮಾರು 2 ಲಕ್ಷ ರೈಫಲ್‌ಗಳನ್ನು ಸರಿಪಡಿಸಿದರು. ಹೆಸರಾದ ರೈಫಲ್‌ಗಳೆಲ್ಲ ಒಮ್ಮೆ ಎಡವಿದವೇ. ಎದ್ದು ನಿಲ್ಲಲು ಯಾರು ಎಷ್ಟು ಕಾಲ ತೆಗೆದುಕೊಂಡರು ಎಂಬುದರಲ್ಲೇ ವ್ಯತ್ಯಾಸ.

ಇನ್ಸಾಸ್: ಬೈಯುವ ಮುಂಚೆ

ಈ ಅಳತೆಗೋಲು ಹಿಡಿದು ನಮ್ಮ ಇನ್ಸಾಸ್ ನೋಡೋಣ. ಅದನ್ನು ವಿನ್ಯಾಸ ಮಾಡಿದ್ದು ಪುಣೆಯಲ್ಲಿರುವ ಡಿಆರ್‌ಡಿಒದ ಎಆರ್‌ಡಿಇ ಪ್ರಯೋಗಾಲಯ, ತಯಾರಿಸಿದ್ದು ಇಶಾಪುರ ಮೊದಲಾದ ಕಡೆಯ ಸರ್ಕಾರಿ ಕಾರ್ಖಾನೆಗಳು. 1990ರ ದಶಕದಲ್ಲಿ ಸೇನೆಗೆ ಬಂತು. ಎಸ್‌ಎಲ್‌ಆರ್ ಭಾರ, ಅದರ ಗುಂಡೂ ಭಾರ, ಆದ್ದರಿಂದ ಹಗುರ 5.56ಕ್ಕೆ ಹೋಗೋಣ ಎಂಬುದು ಆಗಿನ ನಿರ್ಧಾರ. ಆಗ ಅನೇಕ ದೇಶಗಳು ಹಿಡಿದ ದಾರಿಯೂ ಅದೇ. ವಿನ್ಯಾಸದಲ್ಲಿ ಎಕೆಯ ಉದ್ದ ಪಿಸ್ಟನ್ ಮತ್ತು ತಿರುಗುವ ಬೋಲ್ಟ್ ತೆಗೆದುಕೊಂಡರು, ಎಸ್‌ಎಲ್‌ಆರ್‌ನಂತೆ ಅನಿಲದ ಪ್ರಮಾಣ ಹೊಂದಿಸುವ ಏರ್ಪಾಡು ಇಟ್ಟರು. ಗುಂಡು ಪೋಲಾಗದಿರಲಿ ಎಂದು ಸತತ ಹೊಡೆತದ ಬದಲು ಒಮ್ಮೆಗೆ ಮೂರು ಗುಂಡಿನ ಬರ್ಸ್ಟ್ ಕೊಟ್ಟರು. ಎಷ್ಟು ಗುಂಡು ಉಳಿದಿದೆ ಎಂದು ಹೊರಗಿನಿಂದಲೇ ಕಾಣುವ ಪಾರದರ್ಶಕ ಮ್ಯಾಗಜಿನ್ ಇತ್ತು.

ಉಪಾಯ ಕೆಟ್ಟದ್ದಾಗಿರಲಿಲ್ಲ. ಆದರೆ ಹಗುರ ಗುಂಡಿಗೆ ಹೊರಟ ರೈಫಲ್ ತಾನು ಹಗುರವಾಗಲಿಲ್ಲ. ಖಾಲಿ ಇನ್ಸಾಸ್ 4 ಕೆ.ಜಿ.ಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ, ಎಂ16ಗಿಂತ ಸುಮಾರು ಒಂದು ಕೆ.ಜಿ. ಜಾಸ್ತಿ. 1999ರ ಕಾರ್ಗಿಲ್ ಚಳಿಯಲ್ಲಿ ಆ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಸೀಳಿದವು, ಗುಂಡು ಸಿಕ್ಕಿಹಾಕಿಕೊಂಡವು ಎಂಬ ದೂರು ಬಂದವು. 2005ರಲ್ಲಿ ನೇಪಾಳದ ಸೇನೆಯೂ ಮಾವೋವಾದಿಗಳ ಜೊತೆಗಿನ ಕಾಳಗದಲ್ಲಿ ರೈಫಲ್ ಕೈಕೊಟ್ಟಿತು ಎಂದಿತು. ಬಂಡುಕೋರರ ವಿರುದ್ಧದ ಕಾರ್ಯಾಚರಣೆಗಳಲ್ಲಿ ಯೋಧರು ಎಕೆಯನ್ನೇ ಬಯಸತೊಡಗಿದರು. ಪೊದೆಯಲ್ಲಿ ಐವತ್ತು ಮೀಟರ್ ದೂರದಲ್ಲಿ ಹಠಾತ್ತನೆ ಎದುರಾಗುವ ವೈರಿಗೆ ನಾನೂರು ಮೀಟರಿನ ನಿಖರತೆಗಿಂತ 30 ಗುಂಡಿನ ಮ್ಯಾಗಜಿನ್, ಸತತ ಹೊಡೆತ, ಗಿಡ್ಡ ದೇಹ ಮುಖ್ಯ. ಇನ್ಸಾಸ್‌ನ ಮ್ಯಾಗಜಿನ್‌ನಲ್ಲಿ ಇದ್ದದ್ದು 20.

‘ಇನ್ಸಾಸ್ ಎಂದರೆ ಕಳಪೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ವಿಡಿಯೊಗಳು ಬೇಕಾದಷ್ಟಿವೆ. ನನಗೆ ಮುಖ್ಯವೆನಿಸುವುದು ಬೇರೆ. ಚಳಿಗೆ ಸೀಳುವ ಮ್ಯಾಗಜಿನ್ ವಿನ್ಯಾಸದ ಪವಾಡ ಬೇಡುವ ಸಮಸ್ಯೆಯಲ್ಲ. ಅದು ಯಾವ ಪ್ಲಾಸ್ಟಿಕ್ ಹಾಕಬೇಕು, ಪ್ರತಿ ತಂಡದ ಗುಣಮಟ್ಟ ಹೇಗೆ ಪರೀಕ್ಷಿಸಬೇಕು ಎಂಬ ಸಮಸ್ಯೆ. ಎಂ16 ತಪ್ಪಿದಾಗ ಸಂಸತ್ತೇ ಕೂತು ಕೇಳಿತು, ಕೆಲವೇ ವರ್ಷಗಳಲ್ಲಿ ರೈಫಲ್ ಬದಲಾಯಿತು. ನಮ್ಮಲ್ಲಿ? ಕಾಲಕಾಲಕ್ಕೆ ಸಣ್ಣ ಸುಧಾರಣೆ ಆದವು, ಸೈನಿಕನಿಗೆ ನಂಬಿಕೆ ಬರುವಷ್ಟು ದೊಡ್ಡ ಸುಧಾರಣೆ ಆಗಲಿಲ್ಲ. 2011ರಲ್ಲಿ ಒಂದೇ ರೈಫಲ್‌ಗೆ ನಳಿಗೆ ಬದಲಿಸಿ ಎರಡು ಬಗೆಯ ಗುಂಡು ಹೊಡೆಯುವಂಥದ್ದು ಬೇಕು ಎಂದು ಟೆಂಡರ್ ಕರೆದರು. ಎಲ್ಲ ಕೆಲಸವನ್ನೂ ಒಬ್ಬನೇ ಮಾಡಬೇಕು ಎಂಬ ಬೇಡಿಕೆ ಅದು. 2015ರಲ್ಲಿ ಆ ಟೆಂಡರ್ ರದ್ದಾಯಿತು. ಹೊಸ ರೈಫಲ್‌ನ ಮೊದಲ ಕಂತು ಬಂದದ್ದು 2019ರ ಕೊನೆಗೆ. ಕಾರ್ಗಿಲ್‌ನಿಂದ ಅಲ್ಲಿಗೆ 20 ವರ್ಷ. ಒಬ್ಬ ಸಿಪಾಯಿ ಸೇರಿ, ಸೇವೆ ಮುಗಿಸಿ, ಮಗಳನ್ನು ಕಾಲೇಜಿಗೆ ಕಳಿಸುವಷ್ಟು ಕಾಲ.

ಲೋಲಕ ಮತ್ತೆ ಹಿಂದಕ್ಕೆ

ಈಗಿನ ಉತ್ತರ ಎರಡು ಹೋಳು. ಗಡಿಯ ಮುಂಚೂಣಿಯಲ್ಲಿ ದೂರಕ್ಕೆ, ಬಲವಾಗಿ ಹೊಡೆಯಬೇಕಾದವರಿಗೆ ಅಮೆರಿಕದ ಸಿಗ್ ಸಾವರ್ ಕಂಪನಿಯ ಸಿಗ್ 716. 2019ರ ಫೆಬ್ರವರಿಯಲ್ಲಿ 72,400 ರೈಫಲ್‌ಗಳಿಗೆ ತುರ್ತು ಖರೀದಿ ಒಪ್ಪಂದವಾಯಿತು. 2024ರಲ್ಲಿ ಇನ್ನೂ 73,000ಕ್ಕೆ ಬೇಡಿಕೆ ಹೋಯಿತು. ಉಳಿದ ದೊಡ್ಡ ಸಂಖ್ಯೆಗೆ ಎಕೆ-203. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ಭಾರತ-ರಷ್ಯಾ ಜಂಟಿ ಕಂಪನಿ ಅದನ್ನು ತಯಾರಿಸುತ್ತದೆ. 2021ರ ಡಿಸೆಂಬರ್‌ನ ಒಪ್ಪಂದದ ಪ್ರಕಾರ 6,01,427 ರೈಫಲ್, ಮೊತ್ತ 5,000 ಕೋಟಿ ರೂಪಾಯಿಗೂ ಹೆಚ್ಚು.

ಸಿಗ್‌ನ ಶಕ್ತಿ ಅದರ ಗುಂಡು, ಅದರ ದೌರ್ಬಲ್ಯವೂ ಅದೇ. ಒದೆತ ಜೋರು, ಮ್ಯಾಗಜಿನ್‌ಗೆ ಸಾಮಾನ್ಯವಾಗಿ 20, ಹೊರೆ ಹೆಚ್ಚು. ಹೊರಗಿನಿಂದ ಕೊಂಡದ್ದಾದ್ದರಿಂದ ಬಿಡಿಭಾಗಕ್ಕೂ ಹೊರಗೇ ನೋಡಬೇಕು. ಎಕೆ-203 ಹಳೆಯ ಎಕೆಯ ಗಟ್ಟಿತನ ಉಳಿಸಿಕೊಂಡು, ಮಡಚುವ ಬಟ್, ದುರ್ಬೀನು ಕೂರಿಸುವ ಪಟ್ಟಿ ಪಡೆದಿದೆ. ರಕ್ಷಣಾ ಸಚಿವಾಲಯವೇ ಹೇಳುವಂತೆ ಅದರ ಪರಿಣಾಮಕಾರಿ ದೂರ 300 ಮೀಟರ್. ಲಡಾಖ್‌ನ ಬಯಲಿಗೆ ಅದು ಸಾಲದು, ಕಾಶ್ಮೀರದ ಸೇಬಿನ ತೋಟಕ್ಕೆ ಬೇಕಾದಷ್ಟಾಯಿತು. ಆದರೆ ಇದರಿಂದ ಒಂದೇ ಸೇನೆಯ ಉಗ್ರಾಣದಲ್ಲಿ ಮೂರು ಬಗೆಯ ಕಾಡತೂಸು, ಮೂರು ಬಗೆಯ ಬಿಡಿಭಾಗ ಇಡಬೇಕು, ಮೂರು ಬಗೆಯ ತರಬೇತಿ ಕೊಡಬೇಕು. ಸರಿಯಾದ ಪೆಟ್ಟಿಗೆ ಸರಿಯಾದ ಶಿಬಿರಕ್ಕೆ ತಲುಪದಿದ್ದರೆ ಯಾವ ರೈಫಲೂ ಬಡಿಗೆಯೇ.

ಇಲ್ಲೊಂದು ತಮಾಷೆ ಗಮನಿಸಿ. ಭಾರ ಎಂದು ಬಿಟ್ಟ ಎಸ್‌ಎಲ್‌ಆರ್‌ನ ಕಾಡತೂಸು 7.62×51. ಬಲ ಬೇಕು ಎಂದು ಈಗ ಕೊಂಡ ಸಿಗ್‌ನ ಕಾಡತೂಸೂ 7.62×51. ಅಮೆರಿಕವೂ ಹಾಗೆಯೇ ಮಾಡಿದೆ. ಹಗುರ 5.56ನ್ನು ಜಗತ್ತಿಗೆ ಕಲಿಸಿದ ದೇಶ 2022ರಲ್ಲಿ ತನ್ನ ಪದಾತಿಗೆ 6.8 ಮಿ.ಮೀ.ನ ಭಾರದ ಗುಂಡಿನ ಹೊಸ ರೈಫಲ್ ಆರಿಸಿತು. ಒಂದು ತಲೆಮಾರು ದೌರ್ಬಲ್ಯ ಎಂದು ಕೈಬಿಟ್ಟದ್ದನ್ನು ಮುಂದಿನದು ಶಕ್ತಿ ಎಂದು ಎತ್ತಿಕೊಳ್ಳುತ್ತದೆ. ಗುಂಡು ಬದಲಾಗಿಲ್ಲ, ಯುದ್ಧದ ಜಾಗ ಬದಲಾಗಿದೆ. ಹಾಗಾಗಿ ಇಂದಿನ ಆಯ್ಕೆಯೂ ಕೊನೆಯದಲ್ಲ.

ಕೊನೆಯದಲ್ಲ ಎಂದಾದರೆ ನಮಗೆ ಬೇಕಾದ್ದು ಬದಲಿಸುವ ಸಾಮರ್ಥ್ಯ. 2024ರ ಜನವರಿಯಲ್ಲಿ ಅದೇ ಎಆರ್‌ಡಿಇ, ಹೈದರಾಬಾದಿನ ಖಾಸಗಿ ಕಂಪನಿಯೊಂದರ ಜೊತೆ ಸೇರಿ ‘ಉಗ್ರಂ’ ಎಂಬ 7.62×51 ರೈಫಲ್ ಅನಾವರಣ ಮಾಡಿತು. 4 ಕೆ.ಜಿ.ಗಿಂತ ಕಡಿಮೆ ತೂಕ, 500 ಮೀಟರ್ ದೂರದ ಗುರಿ ಎಂದು ಹೇಳಿದೆ. ಹೆಸರು ಕೇಳಿ ನಮ್ಮ ರೂಮಿನಲ್ಲಿ ಕನ್ನಡ ಸಿನಿಮಾದ ಮಾತು ಬಂತು, ಅದು ಬೇರೆ ವಿಷಯ. ಉಗ್ರಂ ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲ ಮಾದರಿ ನೋಡಿ ತೀರ್ಪು ಕೊಡುವುದು ಬೇಡ. ಸಾವಿರದ ಮೊದಲನೆಯ ರೈಫಲೂ ಹತ್ತು ಸಾವಿರದ ಕೊನೆಯ ರೈಫಲೂ ಒಂದೇ ಥರ ಇರುತ್ತವೆಯೇ? ಸೈನಿಕ ದೂರು ಕೊಟ್ಟರೆ ಅದು ವಿನ್ಯಾಸಕಾರನ ಮೇಜಿಗೆ ಎಷ್ಟು ದಿನದಲ್ಲಿ ತಲುಪುತ್ತದೆ? ಕೇಳಬೇಕಾದ ಪ್ರಶ್ನೆಗಳು ಇವು. ಎಂಜಿನಿಯರಿಂಗ್, ಐಟಿಐ, ಲೋಹಶಾಸ್ತ್ರ, ಪಾಲಿಮರ್ ಓದುತ್ತಿರುವ ಗೆಳೆಯರು ಇದನ್ನು ಗಮನಿಸಬೇಕು. ಕಾರ್ಗಿಲ್‌ನಲ್ಲಿ ಸೀಳಿದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ಅದನ್ನು ಚಳಿಯಲ್ಲಿಟ್ಟು ಪರೀಕ್ಷಿಸಬೇಕಾದವನು ಗಡಿಯಲ್ಲಿ ನಿಂತವನಲ್ಲ, ಎಲ್ಲೋ ಒಂದು ಕಾರ್ಖಾನೆಯಲ್ಲಿ ಬಿಳಿ ಕೋಟು ಹಾಕಿಕೊಂಡ ನಮ್ಮಂಥವನೇ.

ಸಂದರ್ಶನಕ್ಕೋ, ಗುಂಪು ಚರ್ಚೆಗೋ ಹೋದಾಗ ‘ಯಾವ ರೈಫಲ್ ಶ್ರೇಷ್ಠ?’ ಎಂದು ಯಾರಾದರೂ ಕೇಳಿದರೆ ನಾನೀಗ ಕಾಕಾನ ಪ್ರಶ್ನೆಯನ್ನೇ ಮೊದಲು ಇಡುತ್ತೇನೆ: ಎಲ್ಲಿ ನಿಂತು? ಆಮೇಲೆ ಇನ್ನೆರಡು ಸೇರಿಸುತ್ತೇನೆ: ತಯಾರಿಸುವವರು ಯಾರು, ಕೆಟ್ಟರೆ ಸರಿಮಾಡುವವರು ಯಾರು?

ಗೆಳೆಯ ರಜೆ ಮುಗಿಸಿ ಹೊರಟ ದಿನ ಧಾರವಾಡದ ರೈಲು ನಿಲ್ದಾಣಕ್ಕೆ ಬಿಡಲು ಹೋಗಿದ್ದೆವು. ಅವನಿಗೆ ಯಾವ ರೈಫಲ್ ಕೊಟ್ಟಿದ್ದಾರೆ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಚೀಲದಲ್ಲಿ ಅವನ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇತ್ತು. ರೈಲು ಹೊರಟಿತು. ಅಂದು ರಾತ್ರಿ ರೂಮಿನಲ್ಲಿ ಯಾರೋ ಗೇಮ್ ತೆರೆದರು. ಎಕೆಎಂ, ಎಂ416 ಎಂಬ ಜಗಳ ಮಾತ್ರ ಆಗಲಿಲ್ಲ. ಅವನ ಕೈಯಲ್ಲಿರುವುದು ಯಾವುದೇ ಆಗಿರಲಿ, ಬೇಕಾದ ಹೊತ್ತಿಗೆ ಅದು ಕೈಕೊಡದಿರಲಿ ಎಂಬುದಷ್ಟೇ ಎಲ್ಲರ ಮನಸ್ಸಿನಲ್ಲಿತ್ತು.